ತಾತ ಹೇಳಿದ ನೆರಳು, ಮಗಳು ಅಳೆದ ಬಿಸಿಲು

ಶ್ರೀನಿವಾಸಪುರದಿಂದ ಮುಳಬಾಗಿಲಿಗೆ ಹೋಗುವ ದಾರಿಯಲ್ಲಿ ನಮ್ಮದೊಂದು ಪುಟ್ಟ ನರ್ಸರಿ ಇದೆ. ಟೊಮೆಟೊ ಸಸಿಗಳನ್ನು ಟ್ರೇಗಳಲ್ಲಿ ಬೆಳೆಸಿ ಸುತ್ತಲಿನ ರೈತರಿಗೆ ಕೊಡುತ್ತೇವೆ. ಕಳೆದ ವರ್ಷ ಹಳೆಯ ಶೇಡ್‌ನೆಟ್ ಹರಿದುಹೋಗಿ ಹೊಸದನ್ನು ತಂದು ಕಟ್ಟಿಸಿದೆ. ಹದಿನೈದೇ ದಿನಕ್ಕೆ ಅಪ್ಪ ತಕರಾರು ತೆಗೆದರು.

“ಲೋ, ನೆರಳು ಜಾಸ್ತಿ ಆಗೈತೆ ಕಣೋ. ಸಸಿ ಬೆಳಕು ಹುಡುಕ್ಕೊಂಡು ಉದ್ದಕ್ಕೆ ಹೋಗ್ತೈತೆ.”

“ಅದೇ ಐವತ್ತು ಪರ್ಸೆಂಟ್ ನೆಟ್ ಅಪ್ಪಾ” ಎಂದೆ. ನನ್ನ ಕಣ್ಣಿಗೆ ಒಳಗೆ ಬೇಕಾದಷ್ಟು ಬೆಳಕಿತ್ತು. ಮುಂಗಡ ಕೊಟ್ಟ ರೈತರು ಕಾಯುತ್ತಿದ್ದರು. ಮಾತು ಬೆಳೆದು, ಅಪ್ಪ ಎರಡು ದಿನ ನರ್ಸರಿಯ ಕಡೆಗೇ ಬರಲಿಲ್ಲ.

ಎಂಟನೇ ತರಗತಿಯ ಮಗಳು, “ಜಗಳ ಯಾಕಪ್ಪಾ, ಅಳೆದುಬಿಡೋಣ” ಎಂದಳು. ವಿಜ್ಞಾನ ಪ್ರದರ್ಶನಕ್ಕೆಂದು ತಂದಿದ್ದ ಆರ್ಡುಯಿನೊಗೆ ಎಲ್‌ಡಿಆರ್ ಎಂಬ ಗುಂಡಿಯಂಥ ಸೆನ್ಸರ್ ಜೋಡಿಸಿದಳು. ಬೆಲೆ ಕೆಲವೇ ರೂಪಾಯಿ. ಬೆಳಕು ಬಿದ್ದಷ್ಟೂ ಅದರ ವಿದ್ಯುತ್ ರೋಧ ಕಡಿಮೆಯಾಗುತ್ತದೆ. ಸೊನ್ನೆಯಿಂದ 1023ರವರೆಗಿನ ಲೆಕ್ಕದಲ್ಲಿ ಬಯಲಲ್ಲಿ 1013, ನೆಟ್ ಒಳಗೆ 1003 ಬಂತು. “ನೋಡಿದ್ಯಾ, ಹೆಚ್ಚುಕಮ್ಮಿ ಒಂದೇ!” ಎಂದು ನಾನು ಬೀಗಿದೆ.

ಅವಳು ಒಪ್ಪಲಿಲ್ಲ. ಬಯಲಲ್ಲೇ ಸೆನ್ಸರಿನ ಮೇಲೆ ದುಪಟ್ಟಾದ ಸೆರಗು ಹೊದಿಸಿದಳು. ಆಗಲೂ ಅಂಕಿ ಹೆಚ್ಚು ಇಳಿಯಲಿಲ್ಲ. “ಇದಕ್ಕೆ ಬಿಸಿಲೂ ಒಂದೇ, ನೆರಳೂ ಒಂದೇ. ಇದರ ಮಾತು ನಂಬಬಾರದು” ಎಂದಳು. ಶಾಲೆಯ ಮೇಷ್ಟ್ರೂ ಅದನ್ನೇ ಹೇಳಿದರಂತೆ: ಸಂಜೆಯಾಯಿತೇ ಎಂದು ತಿಳಿದು ಬೀದಿದೀಪ ಹಚ್ಚುವುದಕ್ಕೆ ಎಲ್‌ಡಿಆರ್ ಸರಿ, ನಡುಮಧ್ಯಾಹ್ನದ ಬಿಸಿಲು ಅಳೆಯುವುದಕ್ಕಲ್ಲ.

ಮುಂದಿನದು ಬಿಎಚ್1750. ಇದು ಬೆಳಕನ್ನು ನೇರವಾಗಿ ಲಕ್ಸ್‌ನಲ್ಲಿ ಹೇಳುತ್ತದೆ. ಮನೆಯೊಳಗೆ 200 ತೋರಿಸಿದ್ದು ಬಯಲಿಗೆ ಬಂದೊಡನೆ 54,612ಕ್ಕೆ ಹೋಗಿ ನಿಂತುಬಿಟ್ಟಿತು. ಉರಿಬಿಸಿಲು ಸುಮಾರು ಒಂದು ಲಕ್ಷ ಲಕ್ಸ್; ಮಾಮೂಲಿ ಜೋಡಣೆಯಲ್ಲಿ ಇದರ ಮಿತಿಯೇ ಅಷ್ಟು. ಐವತ್ತು ಕೆ.ಜಿ.ಯ ತಕ್ಕಡಿಯಲ್ಲಿ ನೂರು ಕೆ.ಜಿ.ಯ ಮೂಟೆ ಇಟ್ಟ ಹಾಗೆ.

ಬಂಗಾರಪೇಟೆ ಬಳಿಯ ಯಳೇಸಂದ್ರದಲ್ಲಿ ಕರ್ನಾಟಕ ವಿದ್ಯುತ್ ನಿಗಮದ 3 ಮೆಗಾವಾಟ್ ಸೌರ ಸ್ಥಾವರವಿದೆ. ಅಂಥ ಕಡೆ ಬಿಸಿಲು ಅಳೆಯುವ ಉಪಕರಣವೆಂದರೆ ಪೈರನೋಮೀಟರ್. ಗಾಜಿನ ಗುಮ್ಮಟದಡಿಯ ಕಪ್ಪು ತಟ್ಟೆ ಎಷ್ಟು ಕಾಯುತ್ತದೆ ಎಂಬುದರಿಂದ ಅದು ಚದರ ಮೀಟರಿಗೆ ಇಷ್ಟು ವಾಟ್ ಎಂದು ಲೆಕ್ಕ ಕೊಡುತ್ತದೆ. ನೆತ್ತಿಯ ಮೇಲಿನ ಶುಭ್ರ ಬಿಸಿಲಿಗೆ ಅದು ಸುಮಾರು 1000. ಆದರೆ ಅದರ ಬೆಲೆ ನಮ್ಮಂಥವರ ಕೈಗೆ ಎಟುಕುವುದಲ್ಲ.

ಕೊನೆಗೆ ಉಪಾಯ ಸಿಕ್ಕಿದ್ದು ಅಂಗೈಯಗಲದ ಸೋಲಾರ್ ಫಲಕದಲ್ಲಿ. ಅದರ ಎರಡು ತಂತಿಗಳನ್ನು ಮಲ್ಟಿಮೀಟರಿನ ಆಂಪಿಯರ್ ಕಡೆಗೆ ನೇರ ಜೋಡಿಸಿದರೆ ಬರುವ ಕರೆಂಟು ಬಿಸಿಲಿಗೆ ತಕ್ಕಂತೆಯೇ ಏರಿಳಿಯುತ್ತದೆ. ಬಿಸಿಲು ಅರ್ಧವಾದರೆ ಕರೆಂಟೂ ಅರ್ಧ. ವೋಲ್ಟೇಜ್ ನೋಡಿದರೆ ಮಾತ್ರ ಮೋಸ. ಅದು ನೆರಳಲ್ಲೂ ಅಷ್ಟಾಗಿ ಇಳಿಯುವುದಿಲ್ಲ.

ಮೋಡವಿಲ್ಲದ ದಿನ, ಮಧ್ಯಾಹ್ನ ಹನ್ನೆರಡಕ್ಕೆ, ಫಲಕವನ್ನು ನೆಲಕ್ಕೆ ಸಮವಾಗಿ ಹಿಡಿದು ಅಳೆದೆವು. ಬಯಲಲ್ಲಿ 84 ಮಿಲಿಆಂಪಿಯರ್. ಒಂದು ನಿಮಿಷದೊಳಗೆ ನೆಟ್ ಕೆಳಗೆ 21. ನಾಲ್ಕರಲ್ಲಿ ಒಂದೇ ಪಾಲು!

ಉಗ್ರಾಣಕ್ಕೆ ಹೋಗಿ ಉಳಿದಿದ್ದ ನೆಟ್ ಸುರುಳಿ ಎಳೆದು ನೋಡಿದೆ. ಚೀಟಿಯ ಮೇಲೆ 75 ಎಂದು ಸ್ಪಷ್ಟವಾಗಿಯೇ ಇತ್ತು. ಅವಸರದಲ್ಲಿ ಓದದೆ ತಂದವನು ನಾನೇ. ಬೆಳಕಿಗೆ ತಕ್ಕಂತೆ ಹೊಂದಿಕೊಳ್ಳುವ ಕಣ್ಣನ್ನೇ ನಂಬಿ ಅಪ್ಪನ ಜೊತೆ ವಾದ ಮಾಡಿದವನೂ ನಾನೇ.

ನೆಟ್ ಬದಲಿಸಿದೆವು. ಆಗಲೇ ಸಣಕಲಾಗಿದ್ದ ಸಸಿಗಳನ್ನು ಮಾರಲು ಮನಸ್ಸು ಬರಲಿಲ್ಲ. ಹೊಸದಾಗಿ ಬಿತ್ತಿ, ರೈತರಿಗೆ ತಡವಾದ ಕಾರಣ ಹೇಳಿದೆ. ಈ ಸಲದ ಸಸಿಗಳು ಗಿಡ್ಡವಾಗಿ, ಗಟ್ಟಿ ಕಾಂಡದೊಂದಿಗೆ ಬಂದವು.

ಅಪ್ಪನ ಹತ್ತಿರ ಹೋಗಿ ತಪ್ಪೊಪ್ಪಿಕೊಂಡೆ. “ಮೀಟರು ಬೇಕಾಯ್ತಾ ನಿಂಗೆ? ಸಸಿನೇ ಹೇಳ್ತಿತ್ತಲ್ಲೋ” ಎಂದು ನಕ್ಕರು. ಆಮೇಲೆ ಮೊಮ್ಮಗಳ ಕಡೆ ತಿರುಗಿ, “ನಾಳೆ ಅದನ್ನ ಮಾವಿನ ತೋಪಿಗೂ ತಾರಮ್ಮಾ. ಒಳಗಿನ ಕೊಂಬೆ ಕಾಯಿ ಬಿಡ್ತಿಲ್ಲ. ಬೆಳಕು ಎಷ್ಟು ಬೀಳ್ತೈತೆ ನೋಡಾನ” ಎಂದರು.