ನಾವು ಸಾಕಿದ ಆಮೆ

ನಾಯಿಯನ್ನು ಸಾಕಿದವರು ಊರಿನಲ್ಲಿ ಬಹಳ ಮಂದಿ ಇದ್ದಾರೆ. ಬೆಕ್ಕು ಯಾರ ಅಪ್ಪಣೆಯನ್ನೂ ಕೇಳದೆ ತಾನಾಗಿಯೇ ಬಂದು ಸೇರಿಕೊಳ್ಳುತ್ತದೆ. ಆದರೆ “ನಮ್ಮ ಮನೆಯಲ್ಲಿ ಆಮೆ ಇದೆ” ಎಂದು ನಾನು ಹೇಳಿದಾಗ ಮಾತ್ರ ಗೆಳೆಯರು ಒಂದು ಕ್ಷಣ ನನ್ನ ಮುಖವನ್ನೇ ನೋಡುತ್ತಾರೆ. ಆಮೇಲೆ, “ನೀನು ಮೊದಲ ಪೀರಿಯಡ್ಡಿಗೆ ಯಾವಾಗಲೂ ತಡವಾಗಿ ಬರುವುದು ಏಕೆಂದು ಈಗ ತಿಳಿಯಿತು” ಎಂದು ನಗುತ್ತಾರೆ. ಅವರ ನಗೆಗೆ ನಾನೂ ನಗೆ ಸೇರಿಸುತ್ತೇನೆ. ಆದರೆ ಈ ಆಮೆಯ ವಿಷಯದಲ್ಲಿ ನಾನು ನಗುವ ಹಾಗಿಲ್ಲದ ಒಂದು ಸಂಗತಿಯೂ ಇದೆ. ಅದನ್ನು ಹೇಳಿಕೊಳ್ಳಲೆಂದೇ ಈ ಲೇಖನ.

2018ರಲ್ಲಿ ನಾನು ಎಂಟನೆಯ ತರಗತಿಯಲ್ಲಿದ್ದೆ. ನನ್ನ ತಂಗಿಗೆ ವಿಷಮಶೀತಜ್ವರ ಬಂದು ಮೂರು ವಾರ ಹಾಸಿಗೆ ಹಿಡಿದಿದ್ದಳು. ಜ್ವರ ಬಿಟ್ಟ ಮೇಲೂ ಹುಡುಗಿ ನಗಲಿಲ್ಲ. ಏನಾದರೂ ತಂದು ಅವಳನ್ನು ನಗಿಸಬೇಕೆಂದು, ಜಾತ್ರೆಯಲ್ಲಿ ಕೂಡಿಟ್ಟ ಕಾಸಿಗೆ ಅಪ್ಪನಿಂದ ಇನ್ನಷ್ಟು ಸೇರಿಸಿಕೊಂಡು ಪೇಟೆಯ ಬಣ್ಣದ ಮೀನಿನ ಅಂಗಡಿಯೊಂದಕ್ಕೆ ಹೋದೆ. ಅಲ್ಲಿ ಒಂದು ತಟ್ಟೆಯ ನೀರಿನಲ್ಲಿ, ಹಳೆಯ ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾದ ಹಸಿರು ಆಮೆಮರಿಗಳು ಒಂದರ ಮೇಲೊಂದು ಹತ್ತುತ್ತಿದ್ದವು. ಪ್ರತಿಯೊಂದಕ್ಕೂ ಕಣ್ಣಿನ ಹಿಂದೆ ಕುಂಕುಮ ತೀಡಿದಂತೆ ಒಂದು ಕೆಂಪು ಪಟ್ಟೆ. ಎರಡಕ್ಕೆ ಮುನ್ನೂರು ರೂಪಾಯಿ.

“ಏನೂ ತೊಂದರೆಯಿಲ್ಲಪ್ಪಾ. ಈ ಕಾಳು ದಿನಕ್ಕೆ ನಾಲ್ಕು ಹಾಕು. ವಾರಕ್ಕೊಂದು ಸಲ ನೀರು ಬದಲಾಯಿಸು. ಇವು ಇಷ್ಟೇ ಇರ್ತವೆ, ಬೆಳೆಯೋದಿಲ್ಲ. ಬೊಗಳೋದಿಲ್ಲ, ಕಚ್ಚೋದಿಲ್ಲ” ಎಂದರು ಅಂಗಡಿಯವರು. ಒಂದು ಗಾಜಿನ ಬೋಗುಣಿ, ನಾಲ್ಕು ಬಣ್ಣದ ಕಲ್ಲು, ಒಂದು ಪ್ಲಾಸ್ಟಿಕ್ ತೆಂಗಿನಮರ ಇವನ್ನೂ ಕಟ್ಟಿಕೊಟ್ಟರು. ಮನೆಗೆ ಬಂದಾಗ ತಂಗಿ ನಕ್ಕಳು. ಭೀಮ, ಅರ್ಜುನ ಎಂದು ಹೆಸರಿಟ್ಟಳು. ನನ್ನ ಜೀವಮಾನದಲ್ಲಿ ಇಷ್ಟು ಸುಲಭವಾಗಿ ಪುಣ್ಯ ಸಂಪಾದಿಸಿದ್ದು ಅದೇ ಮೊದಲು ಎಂದು ನಾನೂ ಉಬ್ಬಿದೆ.

ನಾಲ್ಕು ತಿಂಗಳು ಹೀಗೆಯೇ ಕಳೆಯಿತು. ಆಮೆಗಳು ಒಂದು ದಿನವೂ ಏನನ್ನೂ ಕೇಳಲಿಲ್ಲ. ಹಸಿದರೆ ನಾಯಿ ಕಾಲಿಗೆ ಸುತ್ತುತ್ತದೆ. ಹಾಲು ತಡವಾದರೆ ಬೆಕ್ಕು ಬೀದಿಗೆಲ್ಲ ಕೇಳುವಂತೆ ದೂರು ಹೇಳುತ್ತದೆ. ಇವು ಸುಮ್ಮನಿದ್ದವು. ಸುಮ್ಮನಿರುವುದರಿಂದ ಸುಖವಾಗಿವೆ ಎಂದು ನಾವು ತಿಳಿದೆವು. ಇಂದ್ರಿಯಗಳನ್ನು ಒಳಗೆಳೆದುಕೊಂಡ ಸ್ಥಿತಪ್ರಜ್ಞನಿಗೆ ಭಗವದ್ಗೀತೆ ಆಮೆಯನ್ನೇ ಹೋಲಿಕೆಯಾಗಿ ಕೊಡುತ್ತದೆಯಲ್ಲವೆ! ನಮ್ಮ ಮನೆಗೂ ಎರಡು ಸ್ಥಿತಪ್ರಜ್ಞರು ಬಂದಿದ್ದಾರೆಂದು ಅಪ್ಪ ನೆಂಟರೆದುರು ಹಾಸ್ಯ ಮಾಡುತ್ತಿದ್ದರು.

ಒಂದು ದಿನ ಬೆಳಗ್ಗೆ ನಮ್ಮ ಅಜ್ಜಿ ಬಿಸಿಲಿಗೆ ಕುಳಿತಿದ್ದವಳು, “ಕೊಡೋ ಇಲ್ಲಿ ಆ ನಿನ್ನ ಆಮೆನ” ಎಂದಳು. ಅರ್ಜುನನನ್ನು ಅವಳ ಅಂಗೈಯಲ್ಲಿಟ್ಟೆ. ಹೆಬ್ಬೆರಳಿನಿಂದ ಬೆನ್ನನ್ನು ಮೆಲ್ಲಗೆ ಒತ್ತಿ ನೋಡಿ, “ಇದೇನೋ ಮಗ, ಆರದ ಹಪ್ಪಳದ ಹಾಗೆ ಮೆತ್ತಗಿದೆ! ಆಮೆ ಬೆನ್ನು ಎಲ್ಲಾದರೂ ಹೀಗಿರುತ್ತಾ?” ಎಂದಳು. ಆಗ ನಾನು ನಾಲ್ಕು ತಿಂಗಳಲ್ಲಿ ಮೊದಲ ಸಲ ಅದನ್ನು ಸರಿಯಾಗಿ ನೋಡಿದೆ. ರೆಪ್ಪೆಗಳು ಊದಿಕೊಂಡು ಕಣ್ಣು ಮುಚ್ಚಿಹೋಗಿತ್ತು. ಧ್ಯಾನವೆಂದು ನಾವು ತಿಳಿದದ್ದು ರೋಗವಾಗಿತ್ತು.

ಎರಡನ್ನೂ ಡಬ್ಬಿಯಲ್ಲಿಟ್ಟುಕೊಂಡು ಪಶುವೈದ್ಯರಲ್ಲಿಗೆ ಓಡಿದೆ. ಹಸು ಎಮ್ಮೆಗಳ ನಡುವೆ ನನ್ನ ಸರದಿ ಬಂದಾಗ ಅವರು ನಗಲಿಲ್ಲ. ಅದಕ್ಕಾಗಿ ಇಂದಿಗೂ ಅವರಿಗೆ ನಾನು ಋಣಿ. “ಬಿಸಿಲು ಬೀಳುತ್ತದೆಯೇ?” ಎಂದು ಕೇಳಿದರು. “ಕಿಟಕಿಯ ಗಾಜಿನ ಪಕ್ಕದಲ್ಲೇ ಇಟ್ಟಿದ್ದೇವೆ ಸಾರ್” ಎಂದೆ. “ಗಾಜು ಬೆಳಕನ್ನು ಒಳಗೆ ಬಿಡುತ್ತದೆ. ಇದಕ್ಕೆ ಬೇಕಾದ ನೇರಳಾತೀತ ಕಿರಣವನ್ನು ಹೊರಗೇ ತಡೆಯುತ್ತದೆ” ಎಂದರು. ಆ ಕಿರಣ ಮೈಗೆ ತಾಗಿದರೆ ಮಾತ್ರ ಆಮೆಯ ದೇಹದಲ್ಲಿ ‘ಡಿ’ ಜೀವಸತ್ವ ಹುಟ್ಟುತ್ತದೆ. ಅದು ಹುಟ್ಟಿದರೆ ಮಾತ್ರ ತಿಂದ ಸುಣ್ಣದ ಅಂಶ ಮೈಗೆ ಹತ್ತುತ್ತದೆ. ಅದಿಲ್ಲದಿದ್ದರೆ ಚಿಪ್ಪು ಮೆತ್ತಗಾಗುತ್ತದೆ. ಕಣ್ಣು ಊದುವುದಕ್ಕೆ ‘ಎ’ ಜೀವಸತ್ವದ ಕೊರತೆಯೂ ಕಾರಣ. ಬರಿಯ ಒಣಕಾಳನ್ನು ತಿಂದು ಬದುಕಿದರ ಫಲ ಅದು. ಚಿಪ್ಪು ಎಂದರೆ ಆಮೆ ಹೊದ್ದುಕೊಂಡ ಕಂಬಳಿಯಲ್ಲ, ಬೆನ್ನುಮೂಳೆಯೂ ಪಕ್ಕೆಲುಬುಗಳೂ ಬೆಸೆದುಕೊಂಡು ಆದ ಅದರ ಮೈಯೇ ಎಂದು ಅವರು ವಿವರಿಸಿದರು. ಅದನ್ನು ಮುಟ್ಟಿದರೆ ಆಮೆಗೆ ಅರಿವಾಗುತ್ತದೆ. ಅಂದರೆ ಅಷ್ಟು ದಿನವೂ ಅದರ ಎಲುಬು ಕರಗುತ್ತಿತ್ತು, ನಾವು ಪ್ಲಾಸ್ಟಿಕ್ ಮರವನ್ನು ತೊಳೆದಿಡುತ್ತಿದ್ದೆವು!

ಮೂರು ದಿನದ ಮೇಲೆ ಅರ್ಜುನ ಸತ್ತಿತು. ಹಿತ್ತಲಿನ ಕರಿಬೇವಿನ ಗಿಡದ ಬುಡದಲ್ಲಿ ಹೂಳಿದೆವು. ತಂಗಿ ಅಳಲಿಲ್ಲ. “ಅಣ್ಣ, ನೋವಾಗ್ತಾ ಇದೆ ಅಂತ ಅದು ಯಾಕೆ ನಮಗೆ ಹೇಳಲಿಲ್ಲ?” ಎಂದು ಮಾತ್ರ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಆ ದಿನ ವೈದ್ಯರು ಇನ್ನೊಂದು ಮಾತು ಕೇಳಿದ್ದರು. “ಚಿಪ್ಪು ಮೆತ್ತಗಾದದ್ದನ್ನು ಯಾರು ಕಂಡುಹಿಡಿದರು?” ಅಜ್ಜಿ ಒತ್ತಿ ನೋಡಿದಳೆಂದು ಹೇಳಿದೆ. “ಒತ್ತಿ ಯಾಕೆ ನೋಡಿದರು? ಅವರಿಗೆ ಕಣ್ಣು ಚೆನ್ನಾಗಿ ಕಾಣಿಸುತ್ತದೆಯೇ?” ಎಂದರು. ದಾರಿಯುದ್ದಕ್ಕೂ ಆ ಪ್ರಶ್ನೆ ನನ್ನ ಬೆನ್ನು ಹತ್ತಿತು. ಅಜ್ಜಿ ಅಕ್ಕಿಯಲ್ಲಿ ಕಲ್ಲನ್ನು ಬೆರಳಿನಿಂದಲೇ ಹುಡುಕುತ್ತಿದ್ದಳು. ಲೋಟವನ್ನು ತಡವಿ ಎತ್ತಿಕೊಳ್ಳುತ್ತಿದ್ದಳು. ನಾವೆಲ್ಲ ನೋಡಿದ್ದೆವು, ಯಾರೂ ಕೇಳಿರಲಿಲ್ಲ. ಅವಳೂ ಹೇಳಿರಲಿಲ್ಲ. ಎರಡು ಕಣ್ಣಿಗೂ ಪೊರೆ ಬಂದು ವರ್ಷಗಳೇ ಆಗಿದ್ದವು. ಅಪ್ಪ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಶಸ್ತ್ರಚಿಕಿತ್ಸೆ ಮಾಡಿಸಿದರು. ಕಟ್ಟು ಬಿಚ್ಚಿ ಮನೆಗೆ ಬಂದವಳು ಭೀಮನನ್ನು ಕೈಗೆತ್ತಿಕೊಂಡು, “ಅಯ್ಯೋ, ಇದರ ಕೆನ್ನೆ ಮೇಲೆ ಕೆಂಪು ಇದೆಯಲ್ಲೋ! ನನಗೆ ಯಾರೂ ಹೇಳಲೇ ಇಲ್ಲ” ಎಂದಳು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಆ ಮೇಲೆಯೇ ನಾನು ಆಮೆಯ ವಿಷಯವನ್ನು ಓದತೊಡಗಿದ್ದು. ತರುವ ಮೊದಲು ಓದಬೇಕಾದ್ದನ್ನು ಹೂಳಿದ ಮೇಲೆ ಓದಿದೆ. ನಮ್ಮ ಭಾಷೆಯಲ್ಲಿ ಎಲ್ಲಕ್ಕೂ ಆಮೆ ಎಂದು ಒಂದೇ ಹೆಸರು. ಆದರೆ ನೆಲದ ಆಮೆ ಬೇರೆ, ನೀರಿನ ಆಮೆ ಬೇರೆ. ನೆಲದ ಆಮೆಗೆ ಆನೆಯ ಕಾಲಿನಂತಹ ಮೊಂಡು ಕಾಲು, ಗುಮ್ಮಟದಂತಹ ಬೆನ್ನು. ಅದು ಹುಲ್ಲು ಸೊಪ್ಪು ತಿಂದು ಬದುಕುವ ಜೀವ. ಆಳವಾದ ನೀರಿಗೆ ಬಿಟ್ಟರೆ ಮುಳುಗಿ ಸಾಯುತ್ತದೆ. ನೀರಿನ ಆಮೆಗೆ ಬಾತುಕೋಳಿಯಂತೆ ಬೆರಳುಗಳ ನಡುವೆ ಚರ್ಮ, ಚಪ್ಪಟೆ ಬೆನ್ನು. ಭೀಮನ ಜಾತಿಯದು ನೀರಿನಲ್ಲಿದ್ದರೆ ಮಾತ್ರ ತುತ್ತನ್ನು ನುಂಗಬಲ್ಲುದು. ಇದರ ತವರು ಅಮೆರಿಕದ ಮಿಸಿಸಿಪಿ ನದಿಯ ಬಯಲು.

ನಾನು ಪೇಚಾಡುವುದನ್ನು ನೋಡಿ ನಮ್ಮ ಮಾವ, “ಆ ಪರದೇಶಿ ಯಾಕೋ? ನಮ್ಮ ಗುಡ್ಡದ ಕಡೆ ನಕ್ಷತ್ರದ ಆಮೆ ಸಿಗುತ್ತೆ. ಮನೇಲಿದ್ದರೆ ಲಕ್ಷ್ಮಿ ನಿಲ್ತಾಳೆ. ಒಂದು ತರಿಸಿಕೊಡ್ತೀನಿ” ಎಂದರು. ನಮ್ಮದು ಕೋಲಾರದ ಕಡೆಯ ಹಳ್ಳಿ. ಕಪ್ಪು ಬೆನ್ನಿನ ಮೇಲೆ ಹಳದಿ ಗೆರೆಗಳ ನಕ್ಷತ್ರ ಮೂಡಿದ ಆ ಆಮೆ ನಮ್ಮ ಕುರುಚಲು ಕಾಡಿನದೇ. ಮುಂಗಾರು ಬಿದ್ದೊಡನೆ ಹೊಲದ ಬದುಗಳಲ್ಲಿ ಅವು ಮೇಯುತ್ತಿದ್ದುದನ್ನು ಅಜ್ಜಿ ತನ್ನ ಬಾಲ್ಯದಲ್ಲಿ ಕಂಡಿದ್ದಾಳೆ. ಈಗ ಅದನ್ನು ಹಿಡಿಯುವುದೂ, ಮಾರುವುದೂ, ಮನೆಯಲ್ಲಿಟ್ಟುಕೊಳ್ಳುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. 2022ರ ತಿದ್ದುಪಡಿಯ ಮೇಲೆ ಅದು ಹುಲಿ ಆನೆಗಳಿರುವ ಮೊದಲನೆಯ ಪಟ್ಟಿಯಲ್ಲಿಯೇ ಸೇರಿದೆ. 2019ರಲ್ಲಿ ರಾಷ್ಟ್ರಗಳೆಲ್ಲ ಸೇರಿ ಅದರ ಅಂತರರಾಷ್ಟ್ರೀಯ ವ್ಯಾಪಾರವನ್ನೂ ನಿಷೇಧಿಸಿದುವು. ಹೀಗಿದ್ದರೂ ಚೀಲಗಳಲ್ಲಿ ತುಂಬಿ ವಿಮಾನವೇರಿಸಲು ಹೋದವರು ಬೆಂಗಳೂರಿನಂತಹ ನಿಲ್ದಾಣಗಳಲ್ಲಿ ಸಿಕ್ಕಿಬೀಳುತ್ತಲೇ ಇದ್ದಾರೆ. ನಮ್ಮ ಕೆರೆ ಬಾವಿಗಳಲ್ಲಿರುವ ಮೃದುಚಿಪ್ಪಿನ ಆಮೆಗೂ ಇದೇ ರಕ್ಷಣೆ ಇದೆ. ಆದ್ದರಿಂದ ನಮ್ಮ ನಾಡಿನ ಆಮೆಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕೆಂದು ಕೇಳಿದರೆ, ಯಾವುದನ್ನೂ ಅಲ್ಲ ಎಂಬುದೇ ಉತ್ತರ. ಅವು ಕಂಡಲ್ಲಿ ನೋಡಿ ಸಂತೋಷಪಟ್ಟು ಮುಂದೆ ಹೋಗಬೇಕು. ಮಾವನಿಗೆ ಇದನ್ನು ಹೇಳಿದಾಗ, ಕಾಲೇಜು ಸೇರುವ ಮೊದಲೇ ಹುಡುಗ ವಕೀಲನಾದ ಎಂದು ಅವರು ಮುನಿಸಿಕೊಂಡರು.

ಉಳಿದ ಭೀಮನನ್ನು ಉಳಿಸಿಕೊಳ್ಳುವುದೇ ನಮ್ಮ ಮುಂದಿದ್ದ ಕೆಲಸ. ಗಾಜಿನ ಬೋಗುಣಿಯನ್ನು ಅಟ್ಟಕ್ಕೆ ಎಸೆದೆ. ಚಿಪ್ಪಿನ ಒಂದೊಂದು ಅಂಗುಲದ ಉದ್ದಕ್ಕೂ ಸುಮಾರು 40 ಲೀಟರ್ ನೀರು ಬೇಕೆಂದು ಬಲ್ಲವರ ಲೆಕ್ಕ. ಆದ್ದರಿಂದ ಹಿತ್ತಲಿನಲ್ಲಿ ಅಪ್ಪ ಒಂದು ಸಿಮೆಂಟಿನ ತೊಟ್ಟಿ ಕಟ್ಟಿಸಿದರು. ನಡುವೆ ಏರಿ ಕುಳಿತು ಮೈ ಒಣಗಿಸಿಕೊಳ್ಳಲು ಇಳಿಜಾರಾದ ಚಪ್ಪಡಿ. ಅರ್ಧಕ್ಕೆ ಬಿಸಿಲು, ಅರ್ಧಕ್ಕೆ ದಾಸವಾಳದ ನೆರಳು. ನಾಯಿ ಹದ್ದುಗಳು ಬಾರದಂತೆ ಮೇಲೊಂದು ತಂತಿಬಲೆ. ನೆರಳಿಲ್ಲದೆ ಬರಿಯ ಬಿಸಿಲಾದರೂ ಆಮೆ ಬೇಯುತ್ತದೆ. ಮರಿಯಾಗಿದ್ದಾಗ ಅದಕ್ಕೆ ಎರೆಹುಳು, ಸಣ್ಣ ಮೀನು ಹೆಚ್ಚು ಬೇಕು. ಬೆಳೆದಂತೆ ಸೊಪ್ಪು ಹೆಚ್ಚಾಗಿ ಮಾಂಸ ಕಡಮೆಯಾಗಬೇಕು. ಪಾಲಕ್ ಸೊಪ್ಪು ಸುಣ್ಣದ ಅಂಶವನ್ನು ಹಿಡಿದಿಡುವುದರಿಂದ ಅದನ್ನು ಅಪರೂಪಕ್ಕೆ ಮಾತ್ರ ಹಾಕುತ್ತೇವೆ. ಅನ್ನ, ರೊಟ್ಟಿ, ಹಾಲು ಸಲ್ಲದು. ನೀರು ಬೇಗ ಕೊಳೆಯುತ್ತದೆ. ಬಸಿದ ನೀರು ನಮ್ಮ ಹೂಗಿಡಗಳಿಗೆ ಹೋಗುತ್ತದೆ. ಮುಟ್ಟಿದವರು ಸಾಬೂನಿನಿಂದ ಕೈ ತೊಳೆಯಲೇಬೇಕು. ಆಮೆಯ ಮೈಮೇಲೆ ಸಾಲ್ಮೊನೆಲ್ಲಾ ಎಂಬ ಹೊಟ್ಟೆಬೇನೆಯ ರೋಗಾಣು ಇರಬಹುದು. ಮಕ್ಕಳಿಗೆ ಇದು ಅಂಟುತ್ತಿದ್ದುದರಿಂದಲೇ ಅಮೆರಿಕದವರು ನಾಲ್ಕು ಅಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟವನ್ನು 1975ರಲ್ಲಿ ನಿಷೇಧಿಸಿದರು. ಆಗತಾನೆ ಜ್ವರದಿಂದ ಎದ್ದ ತಂಗಿಯ ಕೈಗೆ ನಾನು ಕೊಟ್ಟದ್ದು ಎಂತಹ ಉಡುಗೊರೆ, ನೋಡಿ!

ಭೀಮ ಚೇತರಿಸಿಕೊಂಡಿತು, ಚೇತರಿಸಿಕೊಂಡದ್ದಲ್ಲದೆ ಹೆಸರಿಗೆ ತಕ್ಕಂತೆ ಬೆಳೆಯಿತು. ಬೆಳೆಯುವುದೇ ಇಲ್ಲ ಎಂದಿದ್ದ ಆಮೆಗೆ ಈಗ ಏಳು ವರ್ಷ, ಚಿಪ್ಪು ಒಂಬತ್ತು ಅಂಗುಲ. ಗಂಡಾಗಿದ್ದರೆ ಮುಂಗಾಲಿನ ಉಗುರು ನೀಳವಾಗಿರಬೇಕಂತೆ. ಇದರ ಉಗುರು ಮೊಟಕು. ಹೋದ ವರ್ಷ ಚಪ್ಪಡಿಯ ಮೇಲೆ ಮೂರು ಮೊಟ್ಟೆಯಿಟ್ಟು ಭೀಮ ತನ್ನ ನಿಜವನ್ನು ತಾನೇ ಸಾರಿತು! ಇಂತಹ ತಪ್ಪು ನಮ್ಮದೊಂದೇ ಅಲ್ಲ. ಇಂಗ್ಲೆಂಡಿನ ಸೆಲ್ಬೋರ್ನಿನಲ್ಲಿ ಗಿಲ್ಬರ್ಟ್ ವೈಟ್ ಎಂಬ ಪಾದ್ರಿ ಸಾಕಿದ ಟಿಮೋತಿ ಎಂಬ ಆಮೆಯ ಮಾತು 1789ರಲ್ಲಿ ಪ್ರಕಟವಾದ ಆತನ ಪುಸ್ತಕದಿಂದ ಲೋಕಕ್ಕೆಲ್ಲ ತಿಳಿಯಿತು. ಅಷ್ಟು ಸೂಕ್ಷ್ಮವಾಗಿ ಪ್ರಕೃತಿಯನ್ನು ನೋಡಿದ ಮಹನೀಯನೂ ಅದನ್ನು ಗಂಡೆಂದೇ ತಿಳಿದಿದ್ದ. ಆಮೆ ಸತ್ತ ಮೇಲೆ ಚಿಪ್ಪನ್ನು ಪರೀಕ್ಷಿಸಿದವರು ಅದು ಹೆಣ್ಣೆಂದು ಕಂಡುಕೊಂಡರು. ಟಿಮೋತಿ ಆತನಿಗಿಂತ ಒಂದು ವರ್ಷ ಹೆಚ್ಚಾಗಿಯೇ ಬದುಕಿತು.

ಈ ಕೊನೆಯ ಮಾತೇ ಈಗ ನಮ್ಮ ಮನೆಯ ಚಿಂತೆ. ಇಂತಹ ಆಮೆ ಮೂವತ್ತು ವರ್ಷ ಬದುಕಬಲ್ಲುದು. ಬರುವ ವರ್ಷ ನನ್ನ ಬಿ.ಎ. ಮುಗಿಯುತ್ತದೆ. ಓದಿಗೋ ಕೆಲಸಕ್ಕೋ ನಾನು ಊರು ಬಿಡಬೇಕು. ತಂಗಿ ಪಿ.ಯು.ಸಿ. ಓದಲು ಹಾಸ್ಟೆಲ್ ಸೇರುತ್ತಾಳೆ. “ನಮ್ಮೂರ ಕೆರೆಗೆ ಬಿಟ್ಟುಬಿಡೋಣ, ಪುಣ್ಯವಾದರೂ ಬರುತ್ತೆ” ಎಂದರು ಅಪ್ಪ. ಆ ರಾತ್ರಿ ಮೊದಲ ಬಾರಿಗೆ ನಾನು ಅಪ್ಪನಿಗೆ ಎದುರಾಡಿದೆ. ಮನೆಯವರಿಗೆ ಸಾಕಾಗಿ ಕೆರೆಗೆ ಬಿಟ್ಟ ಇಂತಹ ಆಮೆಗಳು ಲೋಕದ ನಾನಾ ಕಡೆ ಬೀಡುಬಿಟ್ಟು, ಅಲ್ಲಿಯ ಆಮೆಗಳ ಆಹಾರವನ್ನೂ ಬಿಸಿಲು ಕಾಯುವ ಬಂಡೆಗಳನ್ನೂ ಕಸಿದುಕೊಂಡಿವೆ, ರೋಗವನ್ನೂ ಹಂಚಿವೆ. ನೂರು ಅತಿ ಕೆಟ್ಟ ದಾಳಿಕೋರ ಜೀವಿಗಳ ಜಾಗತಿಕ ಪಟ್ಟಿಯಲ್ಲಿ ಭೀಮನ ಜಾತಿಯೂ ಇದೆ. ಇದರಲ್ಲಿ ಭೀಮನ ತಪ್ಪೇನೂ ಇಲ್ಲ. ಆದರೆ ಅಜ್ಜಿ ಬಾಲ್ಯದಲ್ಲಿ ನೋಡಿದ ಆ ಕೆರೆಯ ಆಮೆಗಳೂ ನಮ್ಮ ಆಮೆಯಷ್ಟೇ ಮೂಕ. ಅವೂ ದೂರು ಹೇಳಲು ಬರುವುದಿಲ್ಲ. ಅಪ್ಪ ಎದ್ದು ಹೋದರು. ಅಮ್ಮ ಮಾತಾಡಲಿಲ್ಲ.

ಬೆಳಗ್ಗೆ ಅಜ್ಜಿ ತೊಟ್ಟಿಯ ಕಟ್ಟೆಯ ಮೇಲೆ ಕುಳಿತು ದಾಸವಾಳದ ಎಲೆಯನ್ನು ಹರಿದು ಹಾಕುತ್ತಿದ್ದಳು. ನನ್ನನ್ನು ನೋಡಿ, “ನಾನಿರೋ ತನಕ ನಾನು ನೋಡ್ಕೋತೀನಿ ಕಣೋ. ಆಮೇಲೆ ನೀನು ಬಂದು ಕರಕೊಂಡು ಹೋಗು” ಎಂದಳು. ಅಜ್ಜಿಗೆ ಎಪ್ಪತ್ತಾರು ವರ್ಷ. ಈ ಲೆಕ್ಕವನ್ನು ಮಾಡಲು ನನಗೆ ಮನಸ್ಸು ಬರಲಿಲ್ಲ. “ಆಗಲಿ ಅಜ್ಜಿ” ಎಂದೆ.

ಕೊಟ್ಟ ಮಾತನ್ನು ನಾನು ನಡೆಸುತ್ತೇನೆ. ಆಮೆಯನ್ನು ತರಬೇಕೆಂದಿರುವ ಮಿತ್ರರು ಅಂಗಡಿಯ ಮೆಟ್ಟಿಲು ಹತ್ತುವ ಮೊದಲು, ಮೂವತ್ತು ವರ್ಷದ ಮೇಲೆ ಇದಕ್ಕೆ ಸೊಪ್ಪು ಹಾಕುವವರು ಯಾರು ಎಂದು ತಮ್ಮನ್ನು ತಾವು ಕೇಳಿಕೊಳ್ಳಲಿ. ಉತ್ತರ ತೋಚದಿದ್ದರೆ ಹಾಗೆಯೇ ಮನೆಗೆ ಹಿಂದಿರುಗಲಿ. ಹಿಂದಿರುಗಿದ ಮೇಲೆ, ಮನೆಯಲ್ಲಿ ಏನನ್ನೂ ಕೇಳದೆ ಸುಮ್ಮನೆ ಕುಳಿತಿರುವವರ ಬಳಿ ಒಂದು ಗಳಿಗೆ ಕುಳಿತು, ಹೇಗಿದ್ದೀರಿ ಎಂದು ವಿಚಾರಿಸಲಿ.