ಅಪ್ಪನ ಮಹಾಪ್ರಾಣ ಕಳೆದ ಕಥೆ

ಕಳೆದ ದೀಪಾವಳಿಗೆ ಅಣ್ಣಿಗೇರಿಗೆ ಹೋದಾಗ ನಾನು ಮಾಡಿಕೊಂಡ ಎಡವಟ್ಟು ಇದು.

ಅಪ್ಪನಿಗೆ ಬಲಗೈ ಬೆರಳು ಅಷ್ಟಾಗಿ ಏಳುವುದಿಲ್ಲ. ಎಡಗೈಯೊಂದರಲ್ಲೇ ಟೈಪ್ ಮಾಡುತ್ತಾರೆ. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ ನಿಮಗೆ ಗೊತ್ತೇ ಇದೆ. ಸುಮ್ಮನೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಒಂದೇ ಕೈಯಲ್ಲಿ ಅದು ಕಷ್ಟ. ಅದಕ್ಕೇ ಅವರ ಜೆಂಟೂ ಲಿನಕ್ಸ್ ಗಣಕದಲ್ಲಿ ಎಕ್ಸ್‌ಕೆಬಿ ಫೈಲು ತಿದ್ದಿ ಖ, ಘ, ಥ, ಧ, ಭಗಳನ್ನು ಅಂಕಿಗಳ ಸಾಲಿಗೆ ತಂದಿಟ್ಟಿದ್ದೆ. ಅಪ್ಪ ಹೊಲದ ಲೆಕ್ಕ, ಹಳೆಯ ನೆನಪು ಎಲ್ಲ ಬರೆಯತೊಡಗಿದ್ದರು.

ಆ ಹಳೆಯ ಗಣಕದಲ್ಲಿ ಕಂಪೈಲ್‌ಗೆ ಕೂತರೆ ಬೆಳಗಾಗುತ್ತದೆ, ನಡುವೆ ಕರೆಂಟು ಬೇರೆ ಹೋಗುತ್ತದೆ. ಹಾಗಾಗಿ ಅದರ ಡಿಸ್ಕ್ ಬಿಚ್ಚಿ ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿ, 'ರೂಟ್' ಇದೇ ಎಂದು ಪೋರ್ಟೇಜಿಗೆ ಹೇಳಿ ಎಲ್ಲವನ್ನೂ ಅಪ್‌ಡೇಟ್ ಮಾಡಿದೆ. ಹೆದರಿಕೆ ಇರಲಿಲ್ಲ. ಪೋರ್ಟೇಜ್ ಇಟಿಸಿಯಲ್ಲಿ ನಾವು ತಿದ್ದಿದ ಫೈಲನ್ನು ಮುಟ್ಟುವುದಿಲ್ಲ. ಹೊಸದನ್ನು ಬೇರೆ ಹೆಸರಿನಲ್ಲಿ ಪಕ್ಕದಲ್ಲೇ ಇಡುತ್ತದೆ, ಆಮೇಲೆ ನಾವು ನೋಡಿ ಸೇರಿಸಬೇಕು. ಎಕ್ಸ್‌ಕೆಬಿ ಫೈಲು ಇಟಿಸಿಯ ಹೊರಗೆ, ಯುಎಸ್ಆರ್‌ನಲ್ಲಿದೆ. ಆದರೆ ಆ ಡೈರೆಕ್ಟರಿಯನ್ನೂ ಕಾಪಾಡು ಎಂದು ಅಪ್ಪನ ಗಣಕದ ಮೇಕ್.ಕಾನ್ಫ್‌ನಲ್ಲಿ ಬರೆದಿದ್ದೆನಲ್ಲ!

ಡಿಸ್ಕ್ ವಾಪಸು ಹಾಕಿ ಕೊಟ್ಟೆ. ಅಪ್ಪ ಎರಡು ಸಾಲು ಬರೆದು ನಿಲ್ಲಿಸಿದರು.

"ಏ ತಮ್ಮಾ, ನನ್ನ ಮಹಾಪ್ರಾಣ ಎಲ್ಲಿ ಹೋದ್ವೋ?"

ನಗು ಬಂತು, ಮರುಕ್ಷಣ ಹೊಟ್ಟೆಯಲ್ಲಿ ಕಸಿವಿಸಿ. ಫೈಲು ತೆರೆದರೆ ನಾನು ತಿದ್ದಿದ್ದು ಒಂದಕ್ಷರವೂ ಇಲ್ಲ. ಪಕ್ಕದಲ್ಲೂ ಏನಿಲ್ಲ.

ಆಮೇಲೆ ಕೈಪಿಡಿ ಓದಿದಾಗ ತಿಳಿಯಿತು. 'ರೂಟ್' ಹೇಳುವುದು ಎಲ್ಲಿ ಇನ್‌ಸ್ಟಾಲ್ ಮಾಡಬೇಕು ಎಂಬುದನ್ನು ಮಾತ್ರ. ಮೇಕ್.ಕಾನ್ಫ್ ಎಲ್ಲಿಂದ ಓದಬೇಕು ಎನ್ನುವುದಕ್ಕೆ 'ಪೋರ್ಟೇಜ್ ಕಾನ್ಫಿಗ್ ರೂಟ್' ಎಂಬ ಬೇರೆಯೇ ಸೆಟ್ಟಿಂಗ್ ಇದೆ. ಅದನ್ನು ಹೇಳದಿದ್ದರೆ ಓಡುತ್ತಿರುವ ಗಣಕದ್ದನ್ನೇ, ಅಂದರೆ ನನ್ನ ಲ್ಯಾಪ್‌ಟಾಪಿನದನ್ನೇ ಓದುತ್ತದೆ. ಅದರಲ್ಲಿ ಎಕ್ಸ್‌ಕೆಬಿ ಮಾತೇ ಇಲ್ಲ. ಮನೆ ಅಪ್ಪನದು, ಕಾವಲಿನ ಚೀಟಿ ಮಾತ್ರ ನನ್ನದು! ಇಟಿಸಿ ಮೊದಲಿನಿಂದಲೂ ಕಾವಲಿನ ಪಟ್ಟಿಯಲ್ಲಿರುವುದರಿಂದ ಅಲ್ಲಿನದೆಲ್ಲ ಉಳಿದಿತ್ತು.

ಬ್ಯಾಕಪ್? ಇರಲಿಲ್ಲ. ಯಾವ ಕೀಲಿಗೆ ಯಾವ ಅಕ್ಷರ ಎಂದು ಅಪ್ಪ ಎಡಗೈಯಲ್ಲಿ ಸೊಟ್ಟಗೆ ಬರೆದು ಗೋಡೆಗೆ ಅಂಟಿಸಿಕೊಂಡಿದ್ದ ಹಾಳೆ ಇತ್ತು. ಅದನ್ನು ನೋಡಿಕೊಂಡೇ ಮತ್ತೆ ಫೈಲು ತಿದ್ದಿದೆ.

ಈಗ ಬೇರೆ ಡಿಸ್ಕಿಗೆ ಇನ್‌ಸ್ಟಾಲ್ ಮಾಡುವಾಗ ಎರಡನ್ನೂ ಆ ಡಿಸ್ಕಿಗೇ ತೋರಿಸುತ್ತೇನೆ. ತಿದ್ದಿದ ಫೈಲಿನ ಪ್ರತಿ ಪೆನ್‌ಡ್ರೈವಿನಲ್ಲಿದೆ. ಹಾಳೆಯೂ ಗೋಡೆಯ ಮೇಲೇ ಇದೆ, ತೆಗೆಯಲು ಅಪ್ಪ ಬಿಟ್ಟಿಲ್ಲ :-)