ದೊಡ್ಡ ಮೈಯವನಿಗೆ ಜೋಡಿ

7 ಅಕ್ಟೋಬರ್ 2024, ನಂಜನಗೂಡು

ಅಕ್ಕನ ಮಗನ ಜೊತೆ ಮೈಸೂರಿಗೆ ಹೋಗಿ ದಸರಾ ಕುಸ್ತಿ ನೋಡಿಕೊಂಡು ಬಂದೆ. ಬರೀ ನೋಡುವುದಕ್ಕೇ ಹೋಗಿದ್ದು. ಈ ಸಲವೂ ಅವನಿಗೆ ಜೋಡಿ ಸಿಗಲಿಲ್ಲ. ಹೋದ ತಿಂಗಳು ದೊಡ್ಡಕೆರೆ ಮೈದಾನದಲ್ಲಿ ಜೋಡಿ ಕಟ್ಟುವ ದಿನ ಉಸ್ತಾದರೆಲ್ಲ ಕೂತಿದ್ದರು. ಒಬ್ಬೊಬ್ಬ ಹುಡುಗನ ತೂಕ, ಮೈಕಟ್ಟು, ಹಿಂದೆ ಯಾರ ಜೊತೆ ಹಿಡಿದಿದ್ದ ಅನ್ನುವುದನ್ನೆಲ್ಲ ವಿಚಾರಿಸಿ, ಎದುರುಬದುರು ನಿಲ್ಲಿಸಿ, ಇಷ್ಟು ನಿಮಿಷದ ಕುಸ್ತಿ ಎಂದು ಬರೆಸುತ್ತಿದ್ದರು. ಅರವತ್ತು, ಎಪ್ಪತ್ತು ಕೆಜಿಯ ಹುಡುಗರಿಗೆ ಜೋಡಿಗೆ ಬರವಿಲ್ಲ. ಇವನು 113 ಕೆಜಿ. ಇವನ ಸರದಿ ಬಂದಾಗ ಹಿರಿಯರೊಬ್ಬರು ಬೆನ್ನು ತಟ್ಟಿ, "ನಿಂಗೆ ಯಾರ್ನ ತರದು ಮಗ?" ಎಂದರು.

ಇವತ್ತು ಹುಡುಗ ದಸರಾ ಕುಸ್ತಿ ನಡೆಯುವ ಸಾಹುಕಾರ್ ಚೆನ್ನಯ್ಯ ಅಖಾಡದಲ್ಲಿ ಕೂತು ಬೇರೆಯವರ ಕುಸ್ತಿಗೆ ಶಿಳ್ಳೆ ಹೊಡೆದ. ವಾಪಸ್ ಬರುವಾಗ ಬಸ್ಸಿನಲ್ಲಿ, ಕಡಕೊಳ ದಾಟಿದ ಮೇಲೆ, ಮಿಕ್ಸೆಡ್ ಮಾರ್ಷಲ್ ಆರ್ಟ್ಸಿಗೆ ಹೋಗುತ್ತೇನೆ ಎಂದ. "ಅಲ್ಲಿ ಹೆವಿವೇಟ್ ಅಂತ್ಲೇ ಬೇರೆ ಲೆಕ್ಕ ಅದ ಮಾವ. 93 ಕೆಜಿಯಿಂದ ಮೇಲೆ 120ರ ತಂಕ. ನಾನು ಸರ್ಯಾಗಿ ಅದ್ರಲ್ಲಿ ಬತ್ತೀನಿ."

12 ಅಕ್ಟೋಬರ್, ವಿಜಯದಶಮಿ

ಅರಮನೆಯ ವಜ್ರಮುಷ್ಟಿ ಕಾಳಗದ ಮಾತು ಬಂತು. ಹುಡುಗ ಅದನ್ನು ಹೊಸ ಕಣ್ಣಿನಿಂದ ನೋಡುತ್ತಿದ್ದಾನೆ. ಮೈಸೂರು, ಚಾಮರಾಜನಗರ, ಚನ್ನಪಟ್ಟಣ, ಬೆಂಗಳೂರಿನ ಜಟ್ಟಿಗಳು ತಲೆ ಬೋಳಿಸಿ ಜುಟ್ಟು ಬಿಟ್ಟು, ಬಲಗೈಗೆ ವಜ್ರನಖ ಎಂಬ ಆಯುಧ ತೊಟ್ಟು ಅರಮನೆಯ ಅಂಗಳದಲ್ಲಿ ಇಳಿಯುತ್ತಾರೆ. ಒಬ್ಬನ ತಲೆಯಿಂದ ರಕ್ತ ಚಿಮ್ಮಿದ ಕೂಡಲೇ ಕಾಳಗ ನಿಲ್ಲುತ್ತದೆ, ಆಮೇಲೆ ಜಂಬೂಸವಾರಿಯ ಕೆಲಸ. "ಗುದ್ದದೂ ಅದ, ಹಿಡಿಯದೂ ಅದ. ಇದು ನಮ್ದೇ ಅಲ್ವಾ ಮಾವ?" ಎಂದು ಕೇಳಿದ.

ನಮ್ಮದೇ. ವಿಜಯನಗರಕ್ಕೆ 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಿಸ್ ಮಹಾನವಮಿಯ ಮಲ್ಲರನ್ನು ಕಂಡು, ಇದು ನಮ್ಮ ದೇಶದ ಕುಸ್ತಿಯ ಹಾಗಲ್ಲ, ಹಲ್ಲು ಮುರಿಯುವಂಥ, ಕಣ್ಣು ಹೋಗುವಂಥ ಏಟು ಹಾಕುತ್ತಾರೆ ಎಂಬರ್ಥದಲ್ಲಿ ಬರೆದಿಟ್ಟಿದ್ದಾನೆ. ಅಮೆರಿಕದ ಡೆನ್ವರಿನಲ್ಲಿ ಮಿಕ್ಸೆಡ್ ಮಾರ್ಷಲ್ ಆರ್ಟ್ಸಿನ ಮೊದಲ ಯುಎಫ್‌ಸಿ ನಡೆದದ್ದು 1993ರ ನವೆಂಬರಿನಲ್ಲಿ. ಗುದ್ದುವುದನ್ನೂ ಹಿಡಿಯುವುದನ್ನೂ ಒಂದೇ ಅಖಾಡದಲ್ಲಿ ಸೇರಿಸುವುದು ಅವತ್ತು ಹುಟ್ಟಿದ್ದಲ್ಲ.

ಆದರೆ ಜಟ್ಟಿಯ ಹಿಂದೆ ಅರಮನೆ ಇತ್ತು. 12ನೇ ಶತಮಾನದ ಕಲ್ಯಾಣ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗವಿದೆ. ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ಮೂರು ದರ್ಜೆ ಮಾಡಿ, ಅವರ ಊಟ, ಸಾಮು ಎಲ್ಲವನ್ನೂ ಹೇಳುತ್ತದೆ. ಮಲ್ಲನ ಹೊಟ್ಟೆಯ ಯೋಚನೆ ದೊರೆಯದಾಗಿತ್ತು. ನಮ್ಮ ಹುಡುಗನ ಹಾಲು, ಬಾದಾಮಿ, ಮೊಟ್ಟೆ, ಕಾಲುಸೂಪಿನ ಖರ್ಚು ಅಕ್ಕ ಭತ್ತ ಮಾರಿದ ದುಡ್ಡಿನದು.

20 ಅಕ್ಟೋಬರ್, ತಿ. ನರಸೀಪುರ

ಅಕ್ಕನ ಮನೆಯಲ್ಲಿದ್ದೇನೆ. ರಾತ್ರಿಯೆಲ್ಲ ನಿದ್ದೆಗೆಟ್ಟು ರಿಯಾದ್‌ನ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ಕಾಳಗ ಮೊಬೈಲಿನಲ್ಲಿ ನೋಡಿದೆವು. ಭಾವನೂ ಎದ್ದು ಕೂತಿದ್ದರು. ಫ್ರಾನ್ಸಿಸ್ ಎನ್‌ಗಾನು ಮೊದಲ ಸುತ್ತಿನಲ್ಲೇ ರೆನಾನ್ ಫೆರೇರಾನನ್ನು ಕೆಡವಿದ. ಫೆರೇರಾ ಆರೂವರೆ ಅಡಿಗೂ ಮಿಕ್ಕಿದ ಆಳು.

ಎನ್‌ಗಾನು ಕ್ಯಾಮರೂನಿನ ಬಾಟಿಯೆ ಎಂಬ ಊರಿನವನು. ಸಣ್ಣ ಹುಡುಗನಾಗಿದ್ದಾಗಲೇ ಮರಳು ಗಣಿಯಲ್ಲಿ ಸನಿಕೆ ಹಿಡಿದವನು. ಸಹರಾ ಮರುಭೂಮಿ ದಾಟಿ, ಮೊರೊಕ್ಕೊ ಹಾದು, ಸ್ಪೇನಿನಲ್ಲಿ ಸೆರೆಯಲ್ಲಿದ್ದು, 2013ರಲ್ಲಿ ಪ್ಯಾರಿಸ್ಸಿಗೆ ಬಂದಾಗ ಮಲಗಲು ಮನೆಯಿರಲಿಲ್ಲ. 2021ರ ಮಾರ್ಚ್‌ನಲ್ಲಿ ಯುಎಫ್‌ಸಿ ಹೆವಿವೇಟ್ ಚಾಂಪಿಯನ್ ಆದ. ಇದನ್ನು ಹುಡುಗ ಹೇಳುತ್ತಿದ್ದಾಗ ಭಾವ ಮರಳಿನ ಮಾತು ಬಂದಲ್ಲಿ ತಡೆದು ಕೇಳಿದರು: "ಹೊಳೆ ಮರಳಾ, ಗುಡ್ಡದ ಮರಳಾ?" ಅವರೂ ಪ್ರಾಯದಲ್ಲಿ ಕಾವೇರಿ ದಡದಲ್ಲಿ ಲಾರಿಗೆ ಮರಳು ತುಂಬಿದವರು. ಒದ್ದೆ ಮರಳಿನ ಭಾರ ಸೊಂಟದಲ್ಲಿ ಹೇಗೆ ಕೂರುತ್ತದೆ, ಸನಿಕೆಯನ್ನು ಮಂಡಿಯಿಂದ ಎತ್ತಬೇಕೋ ಬೆನ್ನಿಂದ ಎತ್ತಬೇಕೋ ಎಂದು ನಿಂತು ತೋರಿಸಿದರು. "ಅವ್ನ ಗುದ್ದು ಅಲ್ಲಿಂದ್ಲೇ ಬಂದದ್ದು ಕಣ್ಲಾ" ಎಂದು ಮಗನಿಗೆ ಹೇಳಿದರು. ಇದನ್ನು ನಾನು ಪೂರ್ತಿ ನಂಬುತ್ತೇನೆ.

ಈ ಏಪ್ರಿಲ್‌ನಲ್ಲಿ ಎನ್‌ಗಾನುವಿನ ಹದಿನೈದು ತಿಂಗಳ ಮಗ ತೀರಿಕೊಂಡಿದ್ದ. ಆಮೇಲೆ ಇದೇ ಮೊದಲ ಕಾಳಗ. ಗೆದ್ದ ಮೇಲೆ ಅವನ ಮುಖ ನೋಡಲಾಗಲಿಲ್ಲ. ಅಕ್ಕ ಒಳಗೆ ಎದ್ದು ಹೋದಳು.

17 ನವೆಂಬರ್, ಭಾನುವಾರ

ಬೆಳಿಗ್ಗೆ ನ್ಯೂಯಾರ್ಕಿನ ಯುಎಫ್‌ಸಿ ಹೆವಿವೇಟ್ ಕಾಳಗ. ಜಾನ್ ಜೋನ್ಸ್ ಮೂರನೇ ಸುತ್ತಿನಲ್ಲಿ ತಿರುಗಿ ಹೊಡೆದ ಹಿಮ್ಮಡಿ ಒದೆತ ಸ್ಟಿಪೆ ಮಿಯೊಚಿಚ್‌ನ ಪಕ್ಕೆಗೆ ಬಿತ್ತು. ಮಿಯೊಚಿಚ್ ಕುಸಿದ. ಅಲ್ಲೇ ನಿಂತು ಇನ್ನು ಸಾಕು ಎಂದು ನಿವೃತ್ತಿ ಹೇಳಿದ. 42 ವರ್ಷ.

ಹುಡುಗನಿಗೆ ಜೋನ್ಸ್ ಇಷ್ಟ, ನನಗೆ ಮಿಯೊಚಿಚ್. ಓಹಾಯೊದ ಈ ಮನುಷ್ಯ 2016ರಲ್ಲಿ ಚಾಂಪಿಯನ್ ಆಗಿ ಸತತ ಮೂರು ಸಲ ಪಟ್ಟ ಉಳಿಸಿಕೊಂಡ. ಯುಎಫ್‌ಸಿಯ ಹೆವಿವೇಟ್‌ನಲ್ಲಿ ಅದೇ ದಾಖಲೆ. ಪಟ್ಟದಲ್ಲಿದ್ದಾಗಲೂ ಅಗ್ನಿಶಾಮಕ ದಳದ ಕೆಲಸ ಬಿಡಲಿಲ್ಲ. ಇವತ್ತು ಸೋತ, ನಾಳೆ ಹೋಗುವುದಕ್ಕೆ ಅವನಿಗೊಂದು ಜಾಗವಿದೆ. ನಮ್ಮ ಹುಡುಗನಿಗೂ ಇಂಡಸ್ಟ್ರಿಯಲ್ ಏರಿಯಾದಲ್ಲಿ ಶಿಫ್ಟ್ ಕೆಲಸ ಇದೆ. ಬಿಡುತ್ತೇನೆ ಅನ್ನುತ್ತಿದ್ದಾನೆ. ಬಿಡಬೇಡ ಎಂದು ಕಡ್ಡಿ ಮುರಿದಂತೆ ಹೇಳಿದೆ. ಮುಖ ಊದಿಸಿಕೊಂಡ, ಊದಿಸಿಕೊಳ್ಳಲಿ.

ಅವನಿಗೆ ಅವಸರವೂ ಬೇಡ. ತೂಕದವರು ಮಾಗುವುದು ತಡ. ರ‍್ಯಾಂಡಿ ಕೂಟೂರ್ 2007ರಲ್ಲಿ ಹೆವಿವೇಟ್ ಪಟ್ಟ ಗೆದ್ದಾಗ 43 ವರ್ಷ. ಇವನಿಗೆ 24.

8 ಡಿಸೆಂಬರ್

ಗರಡಿಯಲ್ಲಿ ಬೆಳಗ್ಗೆ ಐದೂವರೆ. ನಿನ್ನೆ ಮಟ್ಟಿ ಹದ ಮಾಡಿದ್ದರು. ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ನಿಂಬೆರಸ, ಅರಿಶಿನ ಹಾಕಿ ಸನಿಕೆಯಲ್ಲಿ ತಿರುವಿದ ಮಣ್ಣು, ಕರ್ಪೂರದ ವಾಸನೆ ಇನ್ನೂ ಇತ್ತು. ಉಸ್ತಾದರು ನಮ್ಮವನ ಮೇಲೆ ಇಬ್ಬರನ್ನು ಒಟ್ಟಿಗೆ ಬಿಟ್ಟರು, ಒಬ್ಬ ಕುತ್ತಿಗೆಗೆ, ಇನ್ನೊಬ್ಬ ಕಾಲಿಗೆ. ಇಬ್ಬರದೂ ಸೇರಿದರೆ ತೂಕ ಸರಿಹೋಗುತ್ತದೆ, ಆದರೆ ಇಬ್ಬರು ಸಣ್ಣವರು ಸೇರಿ ಒಬ್ಬ ದೊಡ್ಡವನಾಗುವುದಿಲ್ಲ. 110 ಕೆಜಿಯವನೊಬ್ಬ ಎದೆಯ ಮೇಲೆ ಕೂತರೆ ಉಸಿರು ಹೇಗೆ ಹಿಡಿಯಬೇಕು ಎಂಬುದು ಇವರಿಂದ ಕಲಿಯುವಂಥದ್ದಲ್ಲ. ಸಣ್ಣ ಹುಡುಗರು ಕತ್ತರಿ, ದೋಬಿ ಪಟ್ಟು ಎಲ್ಲ ಕಲಿತು ಚುರುಕಾಗುತ್ತಾರೆ. ಇವನು ಬರೀ ಮೈಭಾರ ಹಾಕಿಯೇ ಗೆಲ್ಲುತ್ತಾನೆ, ಹಾಗಾಗಿ ಕಾಲು ಆಡುವುದೇ ಇಲ್ಲ.

ಇನ್ನೊಂದು ವಿಷಯ ಇವತ್ತು ಕಣ್ಣಿಗೆ ಬಿತ್ತು. ಸಂಜೆ ಚಾಪೆಯ ಮೇಲೆ, ಜೂಡೊ ಕಲಿತ ಹುಡುಗನೊಬ್ಬ ಇವನ ಕಾಲು ಕೊಕ್ಕೆ ಹಾಕಿ ಕೆಡವಿದ. ಬೆನ್ನು ನೆಲಕ್ಕೆ ತಾಗುವ ಮೊದಲೇ ಇವನು ಗಿರಕ್ಕನೆ ಮಗ್ಗುಲಾಗಿ ಬೋರಲು ಬಿದ್ದ. ನಾಡಕುಸ್ತಿಯಲ್ಲಿ ಅದೇ ಸರಿ. ಚಿತ್ ಆದರೆ ಮುಗಿಯಿತು, ಬೋರಲು ಬಿದ್ದವನನ್ನು ಹೊರಳಿಸುವುದು ಎದುರಾಳಿಯ ಪಾಡು. ಆದರೆ ಆ ಹುಡುಗ ನಿಧಾನವಾಗಿ ಬೆನ್ನೇರಿ, ಗದ್ದದ ಕೆಳಗೆ ಮೊಣಕೈ ತೂರಿಸಿ ಕತ್ತು ಬಿಗಿದ. ನಮ್ಮವನು ನೆಲ ತಟ್ಟಿದ. ಚಿಕ್ಕಂದಿನಿಂದ ಮೈಗೆ ಕಲಿಸಿದ್ದೇ ಮಿಕ್ಸೆಡ್ ಮಾರ್ಷಲ್ ಆರ್ಟ್ಸಿನಲ್ಲಿ ಕತ್ತಿಗೆ ಬರುತ್ತದೆ. ಆ ಆಟದಲ್ಲಿ ಬೆನ್ನ ಮೇಲೆ ಬಿದ್ದವನಿಗೂ ಕೆಲಸ ಇರುತ್ತದೆ. 2010ರ ಜೂನ್‌ನಲ್ಲಿ ಫ್ಯಾಬ್ರಿಸಿಯೊ ವೆರ್ಡುಮ್ ಕೆಳಗೆ ಮಲಗಿಕೊಂಡೇ, ವರ್ಷಗಟ್ಟಲೆ ಸೋಲರಿಯದ ಫೆಡೊರ್ ಎಮೆಲಿಯಾನೆಂಕೊನ ಕೈ, ಕುತ್ತಿಗೆ ಎರಡನ್ನೂ ಕಾಲಲ್ಲಿ ಸಿಕ್ಕಿಸಿ 69 ಸೆಕೆಂಡಿನಲ್ಲಿ ಸೋಲೊಪ್ಪಿಸಿದ. ರಾತ್ರಿ ಆ ವಿಡಿಯೊ ಹಾಕಿ ಹುಡುಗನನ್ನು ಕೂರಿಸಿ, ಮತ್ತೆ ಮತ್ತೆ ತೋರಿಸಿದೆ.

22 ಡಿಸೆಂಬರ್

ಅರ್ಜನ್ ಸಿಂಗ್ ಭುಲ್ಲರ್ ವಿಷಯ ಬರೆದಿಡಬೇಕು. ಕೆನಡಾದಲ್ಲಿ ಬೆಳೆದ ಪಂಜಾಬಿ ಮನೆಯ ಪೈಲ್ವಾನ. 2010ರ ದೆಹಲಿ ಕಾಮನ್‌ವೆಲ್ತ್ ಕೂಟದಲ್ಲಿ 120 ಕೆಜಿ ಚಿನ್ನ, 2012ರಲ್ಲಿ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ಪರ್ಧೆ. ಮಿಕ್ಸೆಡ್ ಮಾರ್ಷಲ್ ಆರ್ಟ್ಸಿಗೆ ಬಂದ ಮೇಲೂ ಗದೆ ಹೊತ್ತುಕೊಂಡೇ ಅಖಾಡಕ್ಕೆ ಬರುತ್ತಿದ್ದ. ನಮ್ಮ ಗರಡಿಯ ಆಂಜನೇಯನ ಕೈಯಲ್ಲಿರುವುದೂ ಅದೇ. 2021ರ ಮೇನಲ್ಲಿ ಬ್ರ್ಯಾಂಡನ್ ವೇರಾನನ್ನು ಸೋಲಿಸಿ ಒನ್ ಚಾಂಪಿಯನ್‌ಶಿಪ್ ಎಂಬ ಕೂಟದ ಹೆವಿವೇಟ್ ಪಟ್ಟ ಗೆದ್ದ. ಅದಾದ ಮೇಲೆ ಅಖಾಡಕ್ಕಿಳಿದದ್ದು 2023ರ ಜೂನ್‌ನಲ್ಲಿ, ಅನಾಟೊಲಿ ಮಾಲಿಖಿನ್ ಎದುರು. ಸೋತ. ಎರಡು ವರ್ಷ ಅಷ್ಟು ದೊಡ್ಡ ಮೈಯನ್ನು ಕಾಳಗವಿಲ್ಲದೆ ಕಾಪಾಡಿಕೊಳ್ಳುವುದು ಎಂದರೇನು ಎಂದು ಪೈಲ್ವಾನನ ಮನೆಯವರನ್ನು ಕೇಳಬೇಕು.

1 ಫೆಬ್ರುವರಿ 2025

ಸುತ್ತೂರು ಜಾತ್ರೆ ಮುಗಿಯಿತು. ಈ ಸಲ ಅಲ್ಲಿ ಇವನಿಗೆ ಜೋಡಿ ಸಿಕ್ಕಿತು! ಸುತ್ತೂರು ಕೇಸರಿ, ಸುತ್ತೂರು ಕುಮಾರ ಬಿರುದುಗಳ ಕುಸ್ತಿಯಲ್ಲ, ನಡುವಿನದೊಂದು. ಉತ್ತರ ಕರ್ನಾಟಕದ ಕಡೆಯ ಹುಡುಗ, ಇವನಷ್ಟೇ ತೂಕ, ಇವನಿಗಿಂತ ಗಿಡ್ಡ. ಕೈ ಕೊಟ್ಟು ಮಣ್ಣು ಹಚ್ಚಿಕೊಂಡ ಮೇಲೆ ಎಷ್ಟೋ ಹೊತ್ತು ಇಬ್ಬರೂ ತಲೆಗೆ ತಲೆ ಕೊಟ್ಟು ತಳ್ಳಾಡಿದರು. ತಳ್ಳಿದರೂ ಎದುರಿನವನು ಅಲ್ಲಾಡಲಿಲ್ಲ. ಆಗ ಮೊದಲ ಸಲ ನಮ್ಮವನ ಕಾಲು ಆಡಿತು. ಎಡಗಾಲು ಹಿಂದಿಟ್ಟು ಪಕ್ಕಕ್ಕೆ ಸರಿದು ಸೊಂಟಕ್ಕೆ ಹೋದ. ಅವನು ಬಿಡಿಸಿಕೊಂಡ. ಇವನು ಮತ್ತೆ ಹೋದ. ಸಮಯ ಮುಗಿದು ಸಮಸಮ ಆಯಿತು. ಜನ ಚಪ್ಪಾಳೆ ತಟ್ಟಿದರು. ನನಗೆ ಕುಣಿಯುವಷ್ಟು ಖುಷಿ. ನಾನು ವರ್ಷಗಳಿಂದ ಬಾಯಲ್ಲಿ ಹೇಳಿದ್ದನ್ನು ಆ ಹುಡುಗ ತನ್ನ ಮೈಭಾರದಿಂದ ಕೆಲವೇ ನಿಮಿಷದಲ್ಲಿ ಕಲಿಸಿಬಿಟ್ಟ.

13 ಫೆಬ್ರುವರಿ, ತಿ. ನರಸೀಪುರ

ನಿನ್ನೆಗೆ ಕುಂಭಮೇಳ ಮುಗಿದಿದೆ. 1989ರಲ್ಲಿ ಶುರುವಾದದ್ದು, ಹೋದ ಸಲ ನಡೆದದ್ದು 2019ರಲ್ಲಿ, ಇಷ್ಟು ವರ್ಷದ ಮೇಲೆ ನಡೆದದ್ದರಿಂದ ಈ ಸಲ ಜನವೋ ಜನ. ಗುಂಜಾ ನರಸಿಂಹಸ್ವಾಮಿ ದೇವಸ್ಥಾನದ ಕಡೆ ಇನ್ನೂ ಪೆಂಡಾಲ್ ಬಿಚ್ಚುತ್ತಿದ್ದಾರೆ.

ಊಟವಾದ ಮೇಲೆ ಅಕ್ಕ ನೇರವಾಗಿ ಕೇಳಿದಳು: "ತಲ್ಗೆ ಏಟ್ ಬಿದ್ರೆ ಯಾರ್ ನಿಲ್ಲಿಸ್ತಾರ?" ರೆಫರಿ ಇರುತ್ತಾನೆ, ಡಾಕ್ಟರು ಇರುತ್ತಾರೆ, ಐದೈದು ನಿಮಿಷದ ಮೂರು ಸುತ್ತು, ಕಣ್ಣಿಗೆ ಚುಚ್ಚುವಂತಿಲ್ಲ, ತಲೆಯ ಹಿಂಬದಿಗೆ ಹೊಡೆಯುವಂತಿಲ್ಲ ಎಂದೆಲ್ಲ ಹೇಳಿದೆ. ಅದರ ಜೊತೆಗೆ ಮುಚ್ಚುಮರೆಯಿಲ್ಲದೆ ಇದನ್ನೂ ಹೇಳಿದೆ: ಈ ತೂಕದವರ ಒಂದೇ ಏಟಿಗೆ ಪ್ರಜ್ಞೆ ತಪ್ಪುತ್ತದೆ, ರೆಫರಿ ಬರುವುದು ಏಟು ಬಿದ್ದ ಮೇಲೆ. ಅಭ್ಯಾಸದಲ್ಲಿ ಸರಿಸಮ ಜೋಡಿ ಇಲ್ಲದೆ ಅಖಾಡಕ್ಕೆ ಇಳಿದರೆ ಅದು ಶೌರ್ಯವಲ್ಲ. ಹುಡುಗ ತಲೆ ತಗ್ಗಿಸಿ ಕೇಳಿಸಿಕೊಂಡ. ಭಾವ, "ನೀನೇ ಹೋಗಿ ನೋಡ್ಕೊಂಡ್ ಬಾ" ಎಂದರು.

ಕೆಲಸ ಬಿಡುವುದಿಲ್ಲ ಎಂದು ಹುಡುಗ ಅಮ್ಮನ ಮುಂದೆ ಒಪ್ಪಿದ್ದಾನೆ. ಭಾನುವಾರ ಬೆಳಿಗ್ಗೆ ಇಬ್ಬರೂ ಬೆಂಗಳೂರಿಗೆ ಹೋಗಿ ಅವನು ಹೇಳುವ ಜಿಮ್ ನೋಡುತ್ತೇವೆ. ಅಲ್ಲಿಯ ತರಬೇತುದಾರರನ್ನು ನಾನು ಕೇಳುವುದು ಒಂದೇ: ನೂರು ಕೆಜಿ ದಾಟಿದವರು, ದಿನಾ ಅಭ್ಯಾಸಕ್ಕೆ ಬರುವವರು, ಎಷ್ಟು ಜನ ಇದ್ದಾರೆ? ಇಬ್ಬರಾದರೂ ಇದ್ದರೆ ಮೊದಲ ತಿಂಗಳ ಹಣ ಅಲ್ಲೇ ಕಟ್ಟಿ ಬರುತ್ತೇನೆ. ಇಲ್ಲದಿದ್ದರೆ ಸುತ್ತೂರಿಗೆ ಬಂದಿದ್ದ ಆ ಹುಡುಗನ ಉಸ್ತಾದರ ಫೋನ್ ನಂಬರ್ ನನ್ನ ಹತ್ತಿರ ಇದೆ.